ಮುನ್ನೂರಯ್ಯನ ಲೆನ್ಸ್

ತೊಕುಜಿ ಊಟಕ್ಕೆ ಕೂರುವುದು ಸಂಜೆ ಆರೂವರೆಗೆ. ಆರು ಇಪ್ಪತ್ತೊಂಬತ್ತಕ್ಕೂ ಅಲ್ಲ, ಆರು ಮೂವತ್ತೊಂದಕ್ಕೂ ಅಲ್ಲ. ಮೂವತ್ತೆಂಟು ವರ್ಷ ಹಿನೊ ಪಟ್ಟಣದಲ್ಲಿ ಬಸ್ಸು ಓಡಿಸಿದ ಮನುಷ್ಯ. ನಿವೃತ್ತನಾಗಿ ಹನ್ನೆರಡು ವರ್ಷವಾದರೂ ಎಡಗೈಯ ಗಡಿಯಾರ ಬಿಚ್ಚಿಟ್ಟಿರಲಿಲ್ಲ. ಜನವರಿಯ ಆ ಮಂಗಳವಾರವೂ ಆರೂವರೆಗೆ ಸರಿಯಾಗಿ ಕೂತು, ಸುಟ್ಟ ಬಂಗುಡೆಯ ಮುಳ್ಳು ಬಿಡಿಸುತ್ತ, ಆರು ಮೂವತ್ತೈದಕ್ಕೆ ಬಾಯಿ ಬಿಟ್ಟ. ಮಾತಿಗೂ ಮೊದಲೇ ವೇಳಾಪಟ್ಟಿ ಹಾಕಿಕೊಂಡು ಬಂದಿದ್ದಾನೆ ಎಂದು ಅವನ ಹೆಂಡತಿ ಫುಸಾಕೊಗೆ ಅನಿಸಿತು.

"ಕ್ಯಾಮೆರಾಕ್ಕೆ ನಾನೊಂದು ಲೆನ್ಸ್ ತಗೋತೀನಿ. ಆರುನೂರು ಎಂಎಂದು. ಹೊಸದು."

ಮೇಜಿನ ಸುತ್ತ ಇದ್ದದ್ದು ನಾಲ್ವರು. ತೊಕುಜಿ, ಫುಸಾಕೊ, ಗಂಡನನ್ನು ಬಿಟ್ಟು ಏಳು ವರ್ಷದ ಹಿಂದೆ ತವರಿಗೆ ಬಂದ ಮಗಳು ಚಿಗುಸಾ, ಅವಳ ಮಗಳು ಹದಿನಾರರ ಸುಜುನೆ. ಚಿಗುಸಾ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು, ಮಿಸೊ ಸಾರಿನ ಬಟ್ಟಲಿನಿಂದ ತಲೆಯನ್ನೇ ಎತ್ತಲಿಲ್ಲ.

"ಇರೋ ಲೆನ್ಸಿಗೆ ಏನಾಗಿದೆ?" ಫುಸಾಕೊ ಕೇಳಿದಳು.

"ಇರೋದು ಮುನ್ನೂರು. ಮಿಂಚುಳ್ಳಿ ಆಚೆ ದಡದಲ್ಲಿ ಕೂತ್ರೆ ಕಡ್ಲೆಕಾಳಿನಷ್ಟು ಕಾಣುತ್ತೆ."

"ಕಡ್ಲೆಕಾಳಿನಷ್ಟು ಕಂಡ್ರೆ ಅಷ್ಟೇ ತೆಗೀರಿ. ಆ ಹಕ್ಕಿ ಏನು ಫೋಟೋ ಕೊಡಿ ಅಂತ ಮನೆಗೆ ಬರುತ್ತಾ?"

ಸುಜುನೆ ಕಿಸಕ್ಕನೆ ನಕ್ಕಳು. ತೊಕುಜಿ ನಗಲಿಲ್ಲ. ಅವನಿಗೆ ಇದು ತಮಾಷೆಯ ವಿಷಯವಲ್ಲ ಎನ್ನುವುದು ಫುಸಾಕೊಗೂ ಗೊತ್ತಿತ್ತು. ಒಂದೂವರೆ ವರ್ಷದ ಹಿಂದೆ ಪಕ್ಕದ ಮನೆಯ ಗೋಡೆಗೆ ಕಾರು ಉಜ್ಜಿ, ತಾನಾಗಿಯೇ ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ಒಪ್ಪಿಸಿ ಬಂದಿದ್ದ. ಆಮೇಲೆ ಒಂದು ತಿಂಗಳು ಹಗಲೆಲ್ಲ ಟಿವಿಯ ಮುಂದೆ ಕೂತಿದ್ದ. ಮೊಮ್ಮಗಳು ತನ್ನ ಹಳೆಯ ಕ್ಯಾಮೆರಾವನ್ನು ಕೈಗಿಟ್ಟ ಮೇಲೆ ಆಸಾಕಾವಾ ನದಿಯ ದಂಡೆಗೆ ಹೋಗಲು ಶುರುಮಾಡಿದ. ಅಲ್ಲಿ ಅವನಂಥವರೇ ಐದಾರು ಮಂದಿ, ಮಡಚುವ ಸ್ಟೂಲು ಹಾಕಿಕೊಂಡು, ಮಿಂಚುಳ್ಳಿ ನೀರಿಗೆ ಬೀಳುವುದನ್ನು ಕಾಯುತ್ತ ಕೂರುತ್ತಿದ್ದರು. ಒಂಬತ್ತಕ್ಕೆ ಹೋದರೆ ಹನ್ನೆರಡಕ್ಕೆ ವಾಪಸ್ಸು. ಆ ಮೂರು ಗಂಟೆ ಮನೆ ತನ್ನದಾಯಿತಲ್ಲ ಎಂದು ಫುಸಾಕೊ ಒಳಗೊಳಗೇ ಆ ಹಕ್ಕಿಗೆ ಕೃತಜ್ಞಳಾಗಿದ್ದಳು.

"ತಗೊಳ್ಳೋದಾದ್ರೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಅರ್ಧ ಬೆಲೆಗೆ ಸಿಗುತ್ತಂತೆ," ಎಂದಳು.

"ಬೇಡ. ಹೊಸದಕ್ಕೆ ಅಂಗಡಿಯವರು ಐದು ವರ್ಷ ಗ್ಯಾರಂಟಿ ಕೊಡ್ತಾರೆ."

"ಸರಿ, ಲೆನ್ಸಿಗೆ ಐದು ವರ್ಷ ಗ್ಯಾರಂಟಿ. ನಿಮಗೆ?"

ಬಾಯಿಂದ ಬಿದ್ದ ಮೇಲೆ ಮಾತು ಹೆಚ್ಚಾಯಿತೆಂದು ಫುಸಾಕೊಗೇ ಗೊತ್ತಾಯಿತು. ಆದರೆ ಆಡಿದ್ದನ್ನು ವಾಪಸ್ಸು ತೆಗೆದುಕೊಂಡು ಅಭ್ಯಾಸವಿದ್ದ ಹೆಂಗಸಲ್ಲ ಅವಳು. ಮೂಲಂಗಿ ಉಪ್ಪಿನಕಾಯಿಯ ಬಟ್ಟಲನ್ನು ಗಂಡನ ಕಡೆಗೆ ತಳ್ಳಿದಳು.

ತೊಕುಜಿ ಊಟದ ಕಡ್ಡಿಗಳೆರಡನ್ನೂ ಜೋಡಿಸಿ ಕೆಳಗಿಟ್ಟ. "ನಾನೆಷ್ಟು ದಿನ ಇರ್ತೀನಿ ಅಂತ ಲೆಕ್ಕ ಹಾಕಿಟ್ಟಿದೀಯಾ?"

"ಹಾಗಲ್ಲ ನಾನಂದಿದ್ದು."

"ಮತ್ತೆ ಹೇಗೆ? ಕೇಳು. ಮೂವತ್ತೆಂಟು ವರ್ಷ ಇನ್ನೊಬ್ಬ ಓಡಿಸಿ ಬಿಟ್ಟ ಬಸ್ಸನ್ನೇ ಓಡಿಸಿದೀನಿ. ಸೀಟು ಹತ್ತಿದ್ರೆ ಇನ್ನೊಬ್ಬನ ಬೆನ್ನಿನ ಬಿಸಿ. ಸ್ಟೇರಿಂಗ್ ಹಿಡಿದ್ರೆ ಇನ್ನೊಬ್ಬನ ಬೆವರು. ಒಂದು ಸಲ, ಒಂದೇ ಒಂದು ಸಲ, ನಾನೇ ಮೊದಲು ಮುಟ್ಟಿದ ವಸ್ತು ಬೇಕು ಅಂದ್ರೆ ಅದೂ ತಪ್ಪಾ?"

"ಅಮ್ಮಾ, ಸಾಕು ಬಿಡು," ಎಂದಳು ಚಿಗುಸಾ. "ಅಪ್ಪಾ, ನೀನೂ ಊಟ ಮಾಡು. ಮೀನು ಆರಿಹೋಗುತ್ತೆ."

"ತಾತ, ಈಗ ಎಲ್ಲರೂ ಹಳೇದೇ ತಗೊಳ್ಳೋದು," ಎಂದಳು ಸುಜುನೆ. "ಅದರಲ್ಲೂ ಎ, ಬಿ ಅಂತ ದರ್ಜೆ ಇರುತ್ತೆ. ನಾನು ನೋಡಿಕೊಡ್ತೀನಿ."

"ನಿಮ್ಮಜ್ಜಿಗೆ ನಾನೇ ಈಗ ಸಿ ದರ್ಜೆ ಕಣಮ್ಮ," ಎಂದು ತೊಕುಜಿ ಎದ್ದುಹೋದ. ಗಡಿಯಾರ ಆರು ನಲವತ್ತು ತೋರಿಸುತ್ತಿತ್ತು. ತಟ್ಟೆಯಲ್ಲಿ ಅರ್ಧ ಮೀನು ಹಾಗೇ ಉಳಿದಿತ್ತು.

ಫುಸಾಕೊಗೆ ಆ ಮಾತು ಸುಮ್ಮನೆ ಬಾಯಿಗೆ ಬಂದಿರಲಿಲ್ಲ. ಹಿಂದಿನ ಶರತ್ಕಾಲದಲ್ಲಿ ಅವಳ ತಂಗಿ ಕಿನುಯೊಳ ಗಂಡ ತೀರಿಕೊಂಡಿದ್ದ. ಮೀನು ಹಿಡಿಯುವ ಹುಚ್ಚಿದ್ದ ಮನುಷ್ಯ, ನಲವತ್ತಮೂರು ಗಾಳದ ಕೋಲು ಬಿಟ್ಟುಹೋಗಿದ್ದ. ಅದರಲ್ಲಿ ಎಂಟರ ಮೇಲಿನ ಪ್ಲಾಸ್ಟಿಕ್ಕೂ ಹರಿದಿರಲಿಲ್ಲ. ಅಕ್ಕತಂಗಿಯರಿಬ್ಬರೂ ಮೂರು ದಿನ ಕೂತು ಅವನ್ನು ಕಟ್ಟಿದರು. ಗುಜರಿಯವನು ಸಣ್ಣ ಲಾರಿಯಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ತುಂಬಿಕೊಂಡು ಹೋದ. ಗಂಡನ ಹೆಣದ ಮುಂದೆ ಅಳದ ಕಿನುಯೊ ಆ ಲಾರಿ ತಿರುವು ದಾಟಿದ ಮೇಲೆ ರಸ್ತೆಯಲ್ಲೇ ಕೂತು ಅತ್ತಳು. ಅವತ್ತಿನಿಂದ ಫುಸಾಕೊಗೆ ಮನೆಗೆ ಹೊಸ ವಸ್ತು ಬಂದರೆ ಸಾಕು, ಆ ಲಾರಿಯೇ ಕಣ್ಣಿಗೆ ಕಟ್ಟುತ್ತಿತ್ತು. ಈ ಹೆದರಿಕೆಯನ್ನು ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ಎರಡು ವಾರ ಮನೆಯಲ್ಲಿ ಮಾತಿಗೆ ಬರ ಬಂತು. ತೊಕುಜಿ ತನ್ನ ಪಾಲಿನ ಕೆಲಸಗಳನ್ನು ಬಿಡಲಿಲ್ಲ. ಮಂಗಳವಾರ, ಶುಕ್ರವಾರ ಕಸದ ಚೀಲ ಹೊರಗಿಡುವುದು, ಸಂಜೆ ಐದಕ್ಕೆ ಬಚ್ಚಲು ಉಜ್ಜುವುದು, ಊಟವಾದ ಮೇಲೆ ಪಾತ್ರೆ ಒರೆಸುವುದು ಎಲ್ಲವೂ ನಡೆಯಿತು, ಬಾಯಿಗೆ ಬೀಗ ಹಾಕಿಕೊಂಡು. ಹೇಳಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿಸುತ್ತಿದ್ದ.

"ಸುಜುನೆ, ನಿಮ್ಮಜ್ಜಿಗೆ ಹೇಳು, ಸೋಯಾ ಸಾಸ್ ಮುಗಿದಿದೆ."

"ಸುಜುನೆ, ನಿಮ್ಮ ತಾತಂಗೆ ಹೇಳು, ಅವರ ಬಲಗಡೆ ಕಪಾಟಲ್ಲಿ ಹೊಸ ಬಾಟಲಿ ಇದೆ. ಹೊಸದು, ಗ್ಯಾರಂಟಿ ಸಮೇತ."

"ನಾನು ಶಾಲೆಗೆ ಹೋಗ್ಬೇಕು," ಎಂದು ಸುಜುನೆ ಇಬ್ಬರನ್ನೂ ಬಿಟ್ಟು ಓಡುತ್ತಿದ್ದಳು.

ಫೆಬ್ರವರಿಯ ಮೊದಲ ವಾರ, ಹಿಮ ಬಿದ್ದ ಮಾರನೆಯ ದಿನ, ಬಚ್ಚಲಿನ ಗೀಸರ್ ಕೆಟ್ಟಿತು. ರಿಪೇರಿಯವನು ಮುಚ್ಚಳ ತೆಗೆದು ನೋಡಿ ತಲೆಯಾಡಿಸಿದ. ಹದಿನೆಂಟು ವರ್ಷದ್ದು, ಬಿಡಿಭಾಗವೂ ಸಿಗುವುದಿಲ್ಲ, ಹೊಸದೇ ಆಗಬೇಕು. ತೊಕುಜಿ ಎರಡು ವಾರದ ಮೇಲೆ ಮೊದಲ ಬಾರಿಗೆ ನೇರವಾಗಿ ಹೆಂಡತಿಯ ಮುಖ ನೋಡಿ ಕೇಳಿದ:

"ಇದನ್ನೂ ಸೆಕೆಂಡ್ ಹ್ಯಾಂಡ್ ತರೋಣವಾ?"

ಫುಸಾಕೊ ಮುಖ ಗಂಟಿಕ್ಕಿದಳು. ಆದರೆ ಗೀಸರಿನ ಬಿಲ್ಲು ನೋಡಿದ ಮೇಲೆ ತೊಕುಜಿಯ ದನಿಯೂ ಇಳಿಯಿತು. ಆ ಸಂಜೆ, ಹೊದಿಕೆ ಹೊದಿಸಿದ ಬಿಸಿ ಮೇಜಿನೊಳಗೆ ಕಾಲು ತೂರಿಸಿ ಕೂತು, "ಆಯ್ತು. ಗೀಸರ್ ಹೊಸದು, ಲೆನ್ಸ್ ಹಳೇದು. ಸಮಾಧಾನವಾ?" ಎಂದ. ಫುಸಾಕೊ ಕಿತ್ತಳೆ ಸುಲಿದು ಅರ್ಧವನ್ನು ಅವನ ಮುಂದಿಟ್ಟಳು. ಆ ಮನೆಯಲ್ಲಿ ಸಂಧಾನ ಎಂದರೆ ಅಷ್ಟೇ.

ಶನಿವಾರ ಗಂಡ, ಹೆಂಡತಿ, ಮೊಮ್ಮಗಳು ಮೂವರೂ ರೈಲು ಹಿಡಿದು ಟೋಕಿಯೊದ ಶಿಂಜುಕುಗೆ ಹೋದರು. ಸುಜುನೆ ಮೊದಲೇ ಫೋನಿನಲ್ಲಿ ಹುಡುಕಿಟ್ಟಿದ್ದ ಅಂಗಡಿ, ಮೂರನೇ ಮಹಡಿಯಲ್ಲಿತ್ತು. ಗಾಜಿನ ಕಪಾಟುಗಳ ತುಂಬ ಲೆನ್ಸುಗಳು, ಒಂದೊಂದರ ಕೊರಳಿಗೂ ದರ್ಜೆ, ಬೆಲೆ, ದೋಷ ಬರೆದ ಚೀಟಿ. 'ಸಣ್ಣ ಗೀರು.' 'ಒಳಗೆ ತುಸು ಧೂಳು.' ತಪ್ಪನ್ನೆಲ್ಲ ಇಷ್ಟು ಸಲೀಸಾಗಿ ಕೊರಳಿಗೆ ಕಟ್ಟಿಕೊಂಡು ಗಂಡಸರು ಓಡಾಡಿದ್ದರೆ ಹೆಂಗಸರಿಗೆ ಎಷ್ಟು ಅನುಕೂಲವಿತ್ತು ಎಂದು ಫುಸಾಕೊ ಅಂದುಕೊಂಡಳು.

ಅಂಗಡಿಯ ಯುವಕ ಬಿಳಿ ಕೈಗವಸು ಹಾಕಿಕೊಂಡು ಆರುನೂರರದೊಂದನ್ನು ತಂದು ಮಖಮಲ್ಲಿನ ಬಟ್ಟೆಯ ಮೇಲೆ ಇಟ್ಟ. ಸಣ್ಣ ಟಾರ್ಚಿನಿಂದ ಬೆಳಕು ಹಾಯಿಸಿ ಒಳಗನ್ನು ತೋರಿಸಿದ.

"ಬೂಷ್ಟು ಒಂಚೂರೂ ಇಲ್ಲ ಸರ್. ಹಿಂದಿನವರು ತುಂಬಾ ಜೋಪಾನವಾಗಿ ಇಟ್ಕೊಂಡಿದ್ರು. ಆದ್ರೆ ಸ್ಟ್ಯಾಂಡಿಗೆ ಕೂರೋ ಈ ಪಾದಕ್ಕೆ ಸ್ಪಂಜು ಅಂಟಿಸಿದ್ದಾರೆ ನೋಡಿ. ಕಿತ್ರೆ ಕಲೆ ಉಳಿಯುತ್ತೆ ಅಂತ ಹಾಗೇ ಬಿಟ್ಟಿದೀವಿ. ಅದಕ್ಕೇ ಬೆಲೆ ಕಡಿಮೆ."

ಬಚ್ಚಲಿನ ಚಾಪೆಯಿಂದ ಕತ್ತರಿಸಿದಂಥ ನೀಲಿ ಸ್ಪಂಜಿನ ತುಂಡು ಅದು. ಯುವಕ ಲೆನ್ಸಿನ ಮುಚ್ಚಳ ತಿರುಗಿಸಿದ. ಒಳಬದಿಯಲ್ಲಿ ಮಕ್ಕಳು ಅಂಟಿಸುವ ಸ್ಟ್ರಾಬೆರಿ ಚಿತ್ರವಿತ್ತು, ಅಂಚು ಸವೆದು ಬೆಳ್ಳಗಾಗಿತ್ತು.

ತೊಕುಜಿಯ ಕೈ ಲೆನ್ಸಿನ ಕಡೆಗೆ ಹೋಗಿದ್ದು ಅರ್ಧಕ್ಕೇ ನಿಂತಿತು.

"ಇದು ಯಾರದು?"

"ಅದನ್ನ ಹೇಳೋ ಹಾಗಿಲ್ಲ ಸರ್, ಕ್ಷಮಿಸಿ."

"ಯಾವಾಗ ಬಂತು?"

"ಹೊಸ ವರ್ಷ ಕಳೆದ ಮೇಲೆ."

"ಇಷ್ಟು ಚೆನ್ನಾಗಿರೋದನ್ನ ಯಾರಾದ್ರೂ ಮಾರ್ತಾರಾ?" ಫುಸಾಕೊ ಕೇಳಿದಳು. ಅವಳಿಗೆ ಅನುಮಾನ ಇದ್ದದ್ದು ಬೆಲೆಯ ಮೇಲೆ.

"ಎಷ್ಟೋ ಸಲ ಮನೆಯವರು ತಂದುಕೊಡ್ತಾರೆ ಅಮ್ಮ. ದೊಡ್ಡವರು ಹೋದ ಮೇಲೆ," ಎಂದ ಯುವಕ, ತಲೆ ತಗ್ಗಿಸಿ.

"ಬೇಡ," ಎಂದ ತೊಕುಜಿ. "ನಡೀರಿ, ಹೋಗೋಣ."

"ತಾತ! ಇದು ತುಂಬಾ ಒಳ್ಳೇ..."

"ಬೇಡ ಅಂದೆ."

ನಿಲ್ದಾಣದ ಬಳಿ ಸೋಬಾ ತಿನ್ನಲು ಹೋದರು. ತೊಕುಜಿ ಸಾರನ್ನು ಕುಡಿದು ಶಾವಿಗೆಯನ್ನು ಬಟ್ಟಲಲ್ಲೇ ಬಿಟ್ಟ. ಸುಜುನೆ ಅಜ್ಜಿಯ ಕಿವಿಯಲ್ಲಿ, "ನೀಲಿ ಸ್ಪಂಜು ಇಷ್ಟ ಆಗ್ಲಿಲ್ವೇನೋ," ಎಂದಳು. ಹೊಸದೇ ಬೇಕೆಂಬ ಹಟ ಇನ್ನೂ ಬಿಟ್ಟಿಲ್ಲ ಎಂದು ಫುಸಾಕೊ ಅರ್ಥಮಾಡಿಕೊಂಡಳು. ರೈಲಿನಲ್ಲಿ ಮನೆಯವರೆಗೂ ಒಳಗೊಳಗೇ ಕುದಿಯುತ್ತ ಬಂದಳು.

ಮಾರನೆಯ ದಿನ ತೊಕುಜಿ ನದಿಗೆ ಹೋಗಲಿಲ್ಲ. ಸೋಮವಾರವೂ ಹೋಗಲಿಲ್ಲ. ಬಿಸಿ ಮೇಜಿನೊಳಗೆ ಸೊಂಟದವರೆಗೆ ತೂರಿಕೊಂಡು, ಯಾವುದೋ ಊರಿನ ಅಡುಗೆ ಕಾರ್ಯಕ್ರಮ ನೋಡುತ್ತ ಕೂತ. ಫುಸಾಕೊ ಕಸ ಗುಡಿಸಲು ಬಂದರೆ ಕಾಲೆತ್ತುತ್ತಿದ್ದ, ಹೋದರೆ ಇಳಿಸುತ್ತಿದ್ದ. ಲೈಸೆನ್ಸ್ ಒಪ್ಪಿಸಿ ಬಂದ ತಿಂಗಳ ಅದೇ ಕೂರುವಿಕೆ. ನಾಲ್ಕನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

"ರೀ, ಹೊಸದೇ ತಗೊಳ್ಳಿ. ನಾನು ಸೋತೆ. ಐದು ವರ್ಷದ್ದೋ ಐವತ್ತು ವರ್ಷದ್ದೋ, ಯಾವ ಗ್ಯಾರಂಟಿದಾದ್ರೂ ತಗೊಳ್ಳಿ. ಹೀಗೆ ನನ್ನ ಕಾಲಡಿ ಮಾತ್ರ ಕೂರಬೇಡಿ."

"ಹೊಸದೂ ಬೇಡ, ಹಳೇದೂ ಬೇಡ."

"ಮತ್ತೇನು ಬೇಕು?"

"ಏನೂ ಬೇಡ. ಟಿವಿ ನೋಡ್ತಿದೀನಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊ."

ತಾನು ಸೋಲೊಪ್ಪಿಕೊಂಡರೂ ಗೆಲ್ಲಲೊಲ್ಲದ ಗಂಡಸನ್ನು ಏನು ಮಾಡುವುದು? ತೋಫು ತರುತ್ತೇನೆಂದು ಹೇಳಿ ಫುಸಾಕೊ ಸೈಕಲ್ಲು ಹತ್ತಿದಳು. ತೋಫು ಅಂಗಡಿ ದಾಟಿ ನೇರ ನದಿಯ ದಂಡೆಗೆ ಹೋದಳು. ಸೇತುವೆಯ ಕೆಳಗೆ, ಒಣ ಜೊಂಡಿನ ಪಕ್ಕ, ನಾಲ್ಕು ಜನ ಮುದುಕರು ಸಾಲಾಗಿ ಕೂತಿದ್ದರು.

"ಕ್ಷಮಿಸಿ. ನಾನು ಮಕಾಬೆ ಅವರ ಮನೆಯವಳು."

ನಾಲ್ವರೂ ಮುಖಮುಖ ನೋಡಿಕೊಂಡರು.

"ಮಕಾಬೆ ಅಂದ್ರೆ?"

"ಮಕಾಬೆ ತೊಕುಜಿ. ದಿನಾ ಇಲ್ಲಿಗೇ ಬರ್ತಾರಲ್ಲ. ಕುಳ್ಳಗೆ, ಕಂದು ಟೋಪಿ, ಬಸ್ ಡ್ರೈವರ್ ಆಗಿದ್ರು."

"ಬಸ್ ಡ್ರೈವರಾ? ಅಂಥೋರು ಯಾರೂ ಇಲ್ಲಿ..." ದಪ್ಪಗಿದ್ದವನೊಬ್ಬ ತಲೆ ಕೆರೆದುಕೊಂಡ. ಪಕ್ಕದವನು ಅವನ ತೊಡೆ ತಟ್ಟಿದ.

"ಲೋ, ಮುನ್ನೂರಯ್ಯ ಕಣೋ! ಗಡಿಯಾರ ನೋಡ್ತಾ ಇರ್ತಾರಲ್ಲ!"

"ಓಹೋ, ಮುನ್ನೂರಯ್ಯನ ಮನೆಯವರಾ! ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ. ನಾನು ನಾನೂರಯ್ಯ. ಇವರು ಐನೂರಯ್ಯ." ದಪ್ಪನೆಯವನು ಸ್ಟೂಲು ಬಿಟ್ಟುಕೊಟ್ಟ.

ಯಾರ ಲೆನ್ಸ್ ಎಷ್ಟರದೋ ಅವರಿಗೆ ಅದೇ ಹೆಸರು. ಒಂದೂವರೆ ವರ್ಷ ಭುಜಕ್ಕೆ ಭುಜ ತಾಗಿಸಿ ಕೂತವರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ಫುಸಾಕೊಗೆ ನಗುವೂ ಬಂತು, ನೋವೂ ಆಯಿತು. ಮದುವೆಯಾಗಿ ನಲವತ್ತೇಳು ವರ್ಷ ತಾನು ಹೊತ್ತ ಹೆಸರು ಇಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

"ಹೆಸರು ಕೇಳಿಕೊಳ್ಳೋದಿಲ್ವಾ ನೀವು?"

"ಕೇಳಿದ್ರೆ ಯಾವ ಕಂಪನಿ, ಯಾವ ಹುದ್ದೆ ಅಂತ ಶುರುವಾಗುತ್ತೆ ಅಮ್ಮ," ಎಂದ ನಾನೂರಯ್ಯ. "ಅದೆಲ್ಲ ಬಿಟ್ಟು ಬಂದೋರು ನಾವು. ಮುನ್ನೂರಯ್ಯ ಹುಷಾರಾಗಿದ್ದಾರೆ ತಾನೆ? ನಾಲ್ಕು ದಿನದಿಂದ ಇಲ್ಲ. ಆರುನೂರಯ್ಯನೂ ಹೀಗೇ ಮಾಯ ಆದ್ರು."

"ಆರುನೂರಯ್ಯ ಅಂದ್ರೆ?"

"ಉದ್ದಕ್ಕೆ, ತೆಳ್ಳಗೆ. ಸಿಹಿ ಕಾಫಿ ಡಬ್ಬ ಕಾಲಡಿ ಇಟ್ಕೊಂಡು ನಿಲ್ತಿದ್ರು. ನಿಮ್ಮೋರಿಗೆ ತುಂಬಾ ಬೇಕಾದೋರು. ದಿನಾ ಒಂಬತ್ತೂ ಹತ್ತಕ್ಕೆ ತಮ್ಮ ಲೆನ್ಸ್ ಬಿಟ್ಟು ಪಕ್ಕಕ್ಕೆ ಸರಿದು, 'ಮುನ್ನೂರಯ್ಯ, ಹತ್ತು ನಿಮಿಷ ನಿಮ್ಮದು' ಅಂತಿದ್ರು. ನಿಮ್ಮೋರು ಹತ್ತು ನಿಮಿಷ ನೋಡಿ, ಹತ್ತನೇ ನಿಮಿಷಕ್ಕೆ ಸರಿಯಾಗಿ ಎದ್ದುಬಿಡ್ತಿದ್ರು. ಹಕ್ಕಿ ಎದುರಿಗೇ ಕೂತಿದ್ರೂ ಸರಿ! ನಾವು ನಗ್ತಿದ್ವಿ."

"ಆ ಲೆನ್ಸಿಗೆ ನೀಲಿ ಸ್ಪಂಜಿತ್ತಾ?"

"ಇತ್ತು. ಮುಚ್ಚಳದೊಳಗೆ ಮೊಮ್ಮಗಳು ಅಂಟಿಸಿದ ಸ್ಟ್ರಾಬೆರಿ ಬೇರೆ. ನಿಮಗೆ ಹೇಗೆ ಗೊತ್ತು?"

ಫುಸಾಕೊ ಸ್ಟೂಲಿನಿಂದ ಎದ್ದಳು. ಸೈಕಲ್ಲು ತಳ್ಳಿಕೊಂಡೇ ಮನೆಗೆ ನಡೆದಳು, ತೋಫು ಮರೆತೇಹೋಯಿತು. ಅವತ್ತಿನ ಸಾರಿಗೆ ಬರೀ ಈರುಳ್ಳಿ ಹಾಕಿದಳು.

ಆರೂವರೆಗೆ ಎಲ್ಲರೂ ಕೂತ ಮೇಲೆ, "ಆ ಅಂಗಡಿಯಲ್ಲಿದ್ದದ್ದು ಆರುನೂರಯ್ಯನ ಲೆನ್ಸ್ ತಾನೆ?" ಎಂದು ಕೇಳಿದಳು.

ತೊಕುಜಿ ಬಟ್ಟಲಿನಿಂದ ತಲೆಯೆತ್ತಿದ. "ನದಿಗೆ ಹೋಗಿದ್ಯಾ?"

"ಹೋಗಿದ್ದೆ, ಮುನ್ನೂರಯ್ಯನವರೇ."

ಆ ಹೆಸರು ಕೇಳಿ ಅವನ ಮುಖ ಕೆಂಪಾಯಿತು. ಆಮೇಲೆ ಒಂದೊಂದೇ ಮಾತು ಹೊರಬಂತು. "ಮೂತ್ರಕ್ಕೆ ಹೋಗೋವಾಗಲೂ ಅದನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತಿದ್ದ ಮನುಷ್ಯ. ಅದು ಅಂಗಡಿ ಕಪಾಟಿನಲ್ಲಿದೆ ಅಂದ್ರೆ ಏನರ್ಥ? ಹೋಗಿಬಿಟ್ರು ಅಂತ ತಾನೆ? ನಾವು ಅಲ್ಲಿ ಕೂತು, ಮಗನ ಮನೆಗೆ ಹೋಗಿರಬೇಕು ಅಂತ ಮಾತಾಡ್ತಿದ್ವಿ. ಒಂದು ಊದುಬತ್ತಿ ಹಚ್ಚಲಿಲ್ಲ. ಎಲ್ಲಿ ಅಂತ ಹಚ್ಚೋದು, ಹೆಸರೇ ಗೊತ್ತಿಲ್ಲ. ನಾನು ಹೋದ್ರೂ ಅಷ್ಟೇ. ನೀನು ಕಿನುಯೊ ಥರ ಒಂದು ಲಾರಿ ಕರೆಸ್ತೀಯ, ನದಿ ಹತ್ರ ಕೂರೋರು ನಾನು ಮಗಳ ಮನೆಗೆ ಹೋದೆ ಅಂದ್ಕೋತಾರೆ."

ಫುಸಾಕೊ ಬಟ್ಟಲು ಕೆಳಗಿಟ್ಟಳು.

"ಅವತ್ತು ನಾನು ಆ ಮಾತು ಆಡಬಾರದಿತ್ತು," ಎಂದಳು. ಮಗಳು, ಮೊಮ್ಮಗಳು ಎದುರಿಗಿದ್ದರೂ ದನಿ ತಗ್ಗಿಸಲಿಲ್ಲ. "ಕಿನುಯೊ ಮನೆಯಿಂದ ಬಂದಾಗಿಂದ ನನಗೆ ಹೆದರಿಕೆ. ನೀವು ಹೋದ ಮೇಲೆ ನಿಮ್ಮ ಸಾಮಾನಿನ ಮಧ್ಯೆ ಒಬ್ಬಳೇ ಕೂರಬೇಕಲ್ಲ ಅಂತ. ಹಳೇದಾದ್ರೆ ಕೊಟ್ಟು ಕಳಿಸೋವಾಗ ಹೊಟ್ಟೆ ಅಷ್ಟು ಉರಿಯೋಲ್ಲ ಅಂದ್ಕೊಂಡೆ. ನಿಮ್ಮ ಆಯಸ್ಸು ಎಣಿಸಿದ್ದಲ್ಲ ನಾನು. ನನ್ನ ಧೈರ್ಯ ಎಷ್ಟಿದೆ ಅಂತ ಎಣಿಸಿದ್ದು."

ಚಿಗುಸಾ ಎದ್ದು ಎಲ್ಲರಿಗೂ ಇನ್ನೊಂದು ಸಲ ಟೀ ಹಾಕಿದಳು. ಯಾರೂ ಕೇಳಿರಲಿಲ್ಲ.

"ತಾತ," ಸುಜುನೆ ಮೆಲ್ಲಗೆ ಅಂದಳು, "ಆ ಲೆನ್ಸನ್ನ ಬೇರೆ ಯಾರಾದ್ರೂ ತಗೊಂಡೇ ತಗೋತಾರೆ. ತಗೊಂಡು ಆ ಸ್ಪಂಜನ್ನ ಕಿತ್ತುಬಿಸಾಕ್ತಾರೆ."

"ಕಿತ್ತುಬಿಡ್ತಾರಾ?"

"ಮತ್ತೆ? ಬಚ್ಚಲ ಚಾಪೆ ತುಂಡು ಅದು."

ತೊಕುಜಿ ಗಡಿಯಾರ ನೋಡಿದ. "ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ?"

"ಎಂಟಕ್ಕೆ ಮುಚ್ತಾರೆ."

"ಫೋನ್ ಮಾಡು. ಎತ್ತಿಡೋಕೆ ಹೇಳು."

ಶನಿವಾರ ಲೆನ್ಸ್ ಮನೆಗೆ ಬಂತು, ಆರು ತಿಂಗಳ ಗ್ಯಾರಂಟಿ ಚೀಟಿಯ ಜೊತೆ. ಗ್ಯಾರಂಟಿಯ ಬಗ್ಗೆ ಈ ಸಲ ಯಾರೂ ತುಟಿ ಬಿಚ್ಚಲಿಲ್ಲ. ಭಾನುವಾರ ಬೆಳಗ್ಗೆ ಎಂದಿಗಿಂತ ಮುಂಚೆ, ಎಂಟಕ್ಕೇ ತೊಕುಜಿ ಅದನ್ನು ಹೆಗಲಿಗೇರಿಸಿದ. ಮೂರುಕಾಲಿನ ಸ್ಟ್ಯಾಂಡು ಹೊತ್ತು ಫುಸಾಕೊ ಹಿಂದೆ ನಡೆದಳು. ದಂಡೆಯ ಮೇಲೆ ಪುಟ್ಟ ಪ್ಲಮ್ ಗಿಡವೊಂದು ಹೂ ಬಿಟ್ಟಿತ್ತು, ಗಾಳಿ ಇನ್ನೂ ಕಿವಿ ಕೊರೆಯುವಷ್ಟು ತಣ್ಣಗಿತ್ತು.

ನೀಲಿ ಸ್ಪಂಜನ್ನು ಮೊದಲು ನೋಡಿದವನು ನಾನೂರಯ್ಯ. ಎದ್ದು ಹತ್ತಿರ ಬಂದ. ಅದು ಎಲ್ಲಿತ್ತು, ಹೇಗೆ ಸಿಕ್ಕಿತು ಎಂದು ತೊಕುಜಿ ಎರಡೇ ಮಾತಿನಲ್ಲಿ ಹೇಳಿದ. ಗಂಡಸರೆಲ್ಲ ಟೋಪಿ ತೆಗೆದರು. ಐನೂರಯ್ಯ ಎದ್ದು ಹೋಗಿ ರಸ್ತೆ ಬದಿಯ ಯಂತ್ರದಿಂದ ಬಿಸಿ ಕಾಫಿಯ ಡಬ್ಬ ತಂದ, ಆರುನೂರಯ್ಯ ಕುಡಿಯುತ್ತಿದ್ದ ಅದೇ ಸಿಹಿ ಕಾಫಿ. ಮುಚ್ಚಳ ತೆರೆದು ಸ್ಟ್ಯಾಂಡಿನ ಬುಡದಲ್ಲಿಟ್ಟ. ನಾನೂರಯ್ಯ ತನ್ನ ಬುತ್ತಿಯಿಂದ ಬೀನ್ಸ್ ಹೂರಣದ ಬನ್ನೊಂದನ್ನು ತೆಗೆದು ಅದರ ಪಕ್ಕ ಇಟ್ಟ. ಆರೂ ಜನ ಲೆನ್ಸಿನ ಮುಂದೆ ಸಾಲಾಗಿ ನಿಂತು ಕೈಮುಗಿದು ತಲೆಬಾಗಿದರು. ಫುಸಾಕೊ ಆ ಹೆಸರಿಲ್ಲದ ಮನುಷ್ಯನಿಗೆ, ನನ್ನ ಗಂಡನಿಗೆ ದಿನಾ ಹತ್ತು ನಿಮಿಷ ಕೊಟ್ಟಿರಲ್ಲ, ದೊಡ್ಡ ಉಪಕಾರವಾಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕಣ್ಣು ತುಂಬಿ ಬಂತು.

"ಯಾರು ಹೋದ್ರು?"

ದನಿ ಹಿಂದಿನಿಂದ ಬಂತು. ಎಲ್ಲರೂ ತಿರುಗಿದರು. ಉದ್ದಕ್ಕೆ, ತೆಳ್ಳಗೆ ಇದ್ದ ಮುದುಕನೊಬ್ಬ ನಿಂತಿದ್ದ. ಬಲಗೈ ಕೊರಳ ಪಟ್ಟಿಯಲ್ಲಿ ತೂಗುತ್ತಿತ್ತು, ಎದೆಯ ಮೇಲೆ ಅಂಗೈಯಗಲದ ಪುಟ್ಟ ಕ್ಯಾಮೆರಾ.

ನಾನೂರಯ್ಯನ ಕೈಯಿಂದ ಬುತ್ತಿ ಕೆಳಗೆ ಬಿತ್ತು.

"ನೀವು," ಎಂದ ತೊಕುಜಿ.

"ನಾನಾ?"

"ನೀವೇ. ಹೋಗಿದ್ರಿ ನೀವು."

ಬಂದವನು ಲೆನ್ಸ್ ನೋಡಿದ, ಸ್ಪಂಜು ನೋಡಿದ, ಕಾಫಿ ಡಬ್ಬ, ಬನ್ನು ನೋಡಿದ. ಮುಖ ಏನೇನೋ ಆಯಿತು. ಕೊನೆಗೆ ಸ್ಟೂಲಿನ ಮೇಲೆ ಕುಸಿದು ಕೂತ.

"ವರ್ಷದ ಕೊನೆಗೆ ಮಂಜಿನ ಮೇಲೆ ಜಾರಿಬಿದ್ದೆ. ಭುಜ ಮುರೀತು. ಇನ್ನು ಭಾರ ಎತ್ತೋ ಹಾಗಿಲ್ಲ ಅಂದ್ರು ಡಾಕ್ಟ್ರು. ಮನೇಲಿ ಅದನ್ನ ನೋಡ್ತಾ ಕೂತ್ರೆ ಅಳು ಬರುತ್ತೆ ಅಂತ ನಾನೇ ತಗೊಂಡು ಹೋಗಿ ಮಾರಿದೆ. ಆಮೇಲೆ ಈ ಪುಟಾಣಿ ಹಿಡ್ಕೊಂಡು ಮೂರು ಸಲ ಸೇತುವೆವರೆಗೆ ಬಂದು ವಾಪಸ್ಸು ಹೋದೆ. ಆರುನೂರೇ ಇಲ್ಲ ಅಂದ ಮೇಲೆ ಇಲ್ಲಿಗೆ ಯಾವ ಮುಖ ಇಟ್ಕೊಂಡು ಬರಲಿ? ಬಂದ್ರೂ ನನ್ನನ್ನ ಏನಂತ ಕರೀತೀರಿ ನೀವು?"

ಫುಸಾಕೊಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು.

"ಹೆಸರು ಹಿಡಿದು ಕರೀತಾರೆ!" ಎಂದಳು. "ಯಾಕೆ, ನಿಮ್ಮಪ್ಪ ಅಮ್ಮ ಒಂದು ಹೆಸರೂ ಇಡಲಿಲ್ವಾ?"

"ಇಟ್ಟಿದ್ದಾರಮ್ಮ," ಎಂದ ಅವನು, ಶಾಲೆಯಲ್ಲಿ ಬೈಸಿಕೊಂಡವನ ಹಾಗೆ. "ಇಸೊಗಾಯಿ."

ತೊಕುಜಿ ಟೋಪಿ ಕೈಯಲ್ಲಿ ಹಿಡಿದೇ ಬಾಗಿದ. "ನಾನು ಮಕಾಬೆ. ಬಸ್ಸು ಓಡಿಸ್ತಿದ್ದೆ."

"ನಾನು ಉಬುಕಾತಾ," ಎಂದ ನಾನೂರಯ್ಯ, ಬುತ್ತಿ ಎತ್ತಿಕೊಳ್ಳುತ್ತ. ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ಫುಸಾಕೊ ಜೇಬಿನಲ್ಲಿದ್ದ ಕಿರಾಣಿ ರಸೀದಿಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡಳು, ಮನೆಯ ಫೋನ್ ನಂಬರುಗಳ ಸಮೇತ. ಯಾರೂ ಬೇಡವೆನ್ನಲಿಲ್ಲ.

ಇಸೊಗಾಯಿ ಬಗ್ಗಿ, ಎಡಗೈಯಿಂದ ಕಾಫಿ ಡಬ್ಬ ಎತ್ತಿಕೊಂಡ. "ನನಗೇ ಇಟ್ಟಿದ್ದು ತಾನೆ?" ಎಂದು ಒಂದು ಗುಟುಕು ಕುಡಿದ. "ಆರಿಹೋಗಿದೆ." ಆಮೇಲೆ ಬನ್ನನ್ನೂ ತಿಂದ.

ಅಷ್ಟರಲ್ಲಿ ಆಚೆ ದಡದ ಜೊಂಡಿನ ಮೇಲೆ ನೀಲಿಯೊಂದು ಬಂದು ಕೂತಿತು. ಯಾರೂ ಅಲುಗಾಡಲಿಲ್ಲ. ತೊಕುಜಿ ಗಡಿಯಾರ ನೋಡಿದ, ಒಂಬತ್ತೂ ಹತ್ತು. ಲೆನ್ಸ್ ಬಿಟ್ಟು ಪಕ್ಕಕ್ಕೆ ಸರಿದ.

"ಇಸೊಗಾಯಿಯವರೇ, ಹತ್ತು ನಿಮಿಷ ನಿಮ್ಮದು."

ಇಸೊಗಾಯಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಬಗ್ಗಿದ, ತನ್ನದೇ ಆಗಿದ್ದ ಲೆನ್ಸಿಗೆ ಕಣ್ಣಿಟ್ಟ. "ಇದೆ," ಎಂದ ಬಹಳ ಹೊತ್ತಿನ ಮೇಲೆ. "ಹೆಣ್ಣು. ಕೊಕ್ಕಿನ ಕೆಳಭಾಗ ಕೆಂಪು."

ತಣ್ಣಗಿದ್ದ ಕೈಗಳನ್ನು ತೋಳಿನೊಳಗೆ ತೂರಿಸಿಕೊಂಡು ಫುಸಾಕೊ ಗಂಡನ ಪಕ್ಕ ನಿಂತಳು. ಅವನ ಮಣಿಕಟ್ಟಿನ ಗಡಿಯಾರ ಅವಳಿಗೆ ಕಾಣುತ್ತಿತ್ತು. ಒಂಬತ್ತೂ ಇಪ್ಪತ್ತಾಯಿತು. ಒಂಬತ್ತೂವರೆ ಆಯಿತು. ಮೂವತ್ತೆಂಟು ವರ್ಷ ಒಂದು ನಿಮಿಷವನ್ನೂ ಆಚೀಚೆ ಬಿಡದ ಮನುಷ್ಯ ಆಚೆ ದಡವನ್ನೇ ನೋಡುತ್ತ ನಿಂತಿದ್ದ. ಅವಳು ಅವನಿಗೆ ಗಂಟೆ ಹೇಳಲಿಲ್ಲ.